ನಾಲ್ಕು ಪೋರ್ಟಿನ ಮೆಜಾನಿನ್ ಕಾರ್ಡ್: ಮಂಡ್ಯದ ಒಂದು ಬ್ಲೇಡ್ ಷಾಸಿಯಲ್ಲಿ ನಾಲ್ಕು ವರ್ಷ

ಮೆಜಾನಿನ್ ಕಾರ್ಡ್ ಎಂದರೆ ಬ್ಲೇಡ್ ಸರ್ವರಿನ ಬೋರ್ಡ್ ಮೇಲೆ ಕೂರುವ ಚಿಕ್ಕ ಕಾರ್ಡ್; ನಾನು ಹೇಳುತ್ತಿರುವುದು ನೆಟ್‌ವರ್ಕ್ ಪೋರ್ಟ್ ಹೆಚ್ಚಿಸುವಂಥದ್ದರ ಬಗ್ಗೆ. ಕಾರ್ಡ್ ಚೆನ್ನಾಗಿದೆ. ಆದರೆ ಬ್ಲೇಡ್ ಸರ್ವರ್‌ಗೆ ಕಾರ್ಡನ್ನಷ್ಟೇ ಕೊಂಡು ತಂದರೆ ಪೋರ್ಟ್ ಸಿಗುವುದಿಲ್ಲ. ನಾಲ್ಕು ವರ್ಷ ಬಳಸಿದ ಮೇಲೆ ನಾನು ಹೇಳಲೇಬೇಕಾದ ಮಾತು ಇದು. ಹಣ ಕೊಟ್ಟ ಮೇಲೆ ತಿಳಿಯುವ ಬದಲು ಕೊಡುವ ಮೊದಲೇ ಇನ್ನೊಬ್ಬರಿಗೆ ತಿಳಿಯಲಿ ಎಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮಂಡ್ಯದ ಹೊರವಲಯದ ಎಂಜಿನಿಯರಿಂಗ್ ಕಾಲೇಜೊಂದರ ಸರ್ವರ್ ಕೊಠಡಿ ನನ್ನ ಹೊಣೆ. ಅಲ್ಲಿರುವುದು ಎಚ್‌ಪಿ ಸಿ7000 ಷಾಸಿ, ಅಂದರೆ ಬ್ಲೇಡ್ ಎಂಬ ತೆಳು ಸರ್ವರ್‌ಗಳನ್ನು ಒಟ್ಟಿಗೆ ಕೂರಿಸುವ ಪೆಟ್ಟಿಗೆ, ಅದರೊಳಗೆ ಬಿಎಲ್460ಸಿ ಜಿ6 ಮಾದರಿಯ ಆರು ಬ್ಲೇಡ್‌ಗಳು. ಎಲ್ಲವೂ ಬೇರೆ ಕಡೆ ದುಡಿದು ನಮ್ಮಲ್ಲಿಗೆ ಬಂದವು. ವಿದ್ಯಾರ್ಥಿಗಳ ಪ್ರಯೋಗಾಲಯದ ವರ್ಚುವಲ್ ಯಂತ್ರಗಳು, ಗ್ರಂಥಾಲಯ, ಹಾಜರಾತಿ, ಲೆಕ್ಕಪತ್ರ ಎಲ್ಲವೂ ಇದರ ಮೇಲೆಯೇ ನಡೆಯುತ್ತವೆ. ಬ್ಲೇಡಿನ ಬೋರ್ಡ್ ಮೇಲೆ ಹುಟ್ಟಿನಿಂದ ಇರುವ ನೆಟ್‌ವರ್ಕ್ ಪೋರ್ಟ್‌ಗಳು ಎರಡೇ. ಆ ಎರಡರಲ್ಲಿಯೇ ಲ್ಯಾಬಿನ ಓಡಾಟ, ಐಸ್ಕಸಿ ಸ್ಟೋರೇಜ್ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್), ರಾತ್ರಿಯ ಬ್ಯಾಕಪ್ ಎಲ್ಲವೂ ಹೋಗಬೇಕಿತ್ತು. ನಮ್ಮ ಷಾಸಿಯ ಹಿಂದಿದ್ದ ಸ್ವಿಚ್ ಒಂದು ಗಿಗಾಬಿಟ್‌ನದು. ಒಂದು ಗಿಗಾಬಿಟ್ ಎಂದರೆ ಕಾಗದದ ಮೇಲೆ ಸೆಕೆಂಡಿಗೆ 125 ಮೆಗಾಬೈಟ್. ಕೈಗೆ ಸಿಗುವುದು 110ರ ಆಸುಪಾಸು. ಈ ವೇಗದಲ್ಲಿ 2 ಟೆರಾಬೈಟ್ ಬ್ಯಾಕಪ್‌ಗೆ ಐದು ಗಂಟೆ ಬೇಕು, ಅದೂ ದಾರಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ. ರಾತ್ರಿ ಹತ್ತಕ್ಕೆ ಶುರುವಾದ ಬ್ಯಾಕಪ್ ಎಷ್ಟೋ ದಿನ ಬೆಳಗಿನ ಒಂಬತ್ತರ ಲ್ಯಾಬ್ ತರಗತಿಯವರೆಗೂ ಎಳೆಯುತ್ತಿತ್ತು. ಅರವತ್ತು ವಿದ್ಯಾರ್ಥಿಗಳು ಪರದೆಯ ಮುಂದೆ ಕುಳಿತು ಕರ್ಸರ್ ಅಲುಗಾಡುವುದನ್ನೇ ಕಾಯುತ್ತಿದ್ದರು. ಅದನ್ನು ನೋಡಿ ನನಗೆ ಬಹಳ ನೋವಾಗುತ್ತಿತ್ತು.

ಮೊದಲು ವಿಲ್ಯಾನ್ ಮಾಡಿ, ಅಂದರೆ ಒಂದೇ ತಂತಿಯನ್ನು ಹಲವು ಪ್ರತ್ಯೇಕ ನೆಟ್‌ವರ್ಕ್‌ಗಳಾಗಿ ವಿಂಗಡಿಸಿ ನೋಡಿದೆ. ರಸ್ತೆಗೆ ಬಿಳಿ ಗೆರೆ ಎಳೆದು ನಾಲ್ಕು ಸಾಲು ಮಾಡಿದರೆ ಶಿಸ್ತು ಬರುತ್ತದೆ, ಅಗಲ ಹೆಚ್ಚುವುದಿಲ್ಲ. ಸ್ಟೋರೇಜ್‌ಗೆ ಬೇರೆಯದೇ ರಸ್ತೆ ಬೇಕು ಎಂಬುದು ಆಗ ಖಚಿತವಾಯಿತು. 2021ರ ಕೊನೆಯಲ್ಲಿ ಬೆಂಗಳೂರಿನ ಹಳೆಯ ಸರ್ವರ್ ಬಿಡಿಭಾಗಗಳ ವ್ಯಾಪಾರಿಯೊಬ್ಬರಿಂದ ಎನ್‌ಸಿ364ಎಂ ಎಂಬ ನಾಲ್ಕು ಪೋರ್ಟಿನ ಗಿಗಾಬಿಟ್ ಕಾರ್ಡುಗಳನ್ನು ತರಿಸಿದೆ. ಬ್ಲೇಡಿಗೊಂದರಂತೆ ಆರು, ಕೈಯಲ್ಲಿರಲಿ ಎಂದು ಇನ್ನೊಂದು. ಅವುಗಳ ಜೊತೆಗೆ ಷಾಸಿಯ ಹಿಂಬದಿಗೆ ಎರಡು ಈಥರ್‌ನೆಟ್ ಪಾಸ್‌ಥ್ರೂ ಮಾಡ್ಯೂಲ್, ಅಂದರೆ ಬ್ಲೇಡಿನ ಪೋರ್ಟನ್ನು ನೇರವಾಗಿ ಹೊರಗಿನ ತಂತಿಗೆ ಸೇರಿಸುವ ಪೆಟ್ಟಿಗೆ. ಎರಡು ಸಾಕು ಎಂದವರು ಆ ವ್ಯಾಪಾರಿ. ಅವರ ಮಾತನ್ನು ನಾನೂ ಪರೀಕ್ಷಿಸಲಿಲ್ಲ.

ಸಾಮಾನ್ಯ ರ್‍ಯಾಕ್ ಸರ್ವರ್ ಆಗಿದ್ದರೆ ಕಾರ್ಡ್ ಹಾಕಿದ ಕೂಡಲೇ ಹಿಂಬದಿಯಲ್ಲಿ ಆರ್‌ಜೆ45 ತೂತುಗಳು ಕಾಣುತ್ತವೆ, ಕೇಬಲ್ ಚುಚ್ಚಿದರೆ ಮುಗಿಯಿತು. ಬ್ಲೇಡಿಗೆ ಅಂಥ ಬೆನ್ನೇ ಇಲ್ಲ. ಮೆಜಾನಿನ್ ಕಾರ್ಡ್‌ನಲ್ಲಿ ಒಂದು ತೂತೂ ಇರುವುದಿಲ್ಲ. ಅದರ ಸಂಕೇತಗಳು ಬ್ಲೇಡಿನ ಹಿಂತುದಿಯ ಕನೆಕ್ಟರ್ ಮೂಲಕ ಷಾಸಿಯ ನಡುವಿನ ಮಿಡ್‌ಪ್ಲೇನ್ ಎಂಬ ಬೋರ್ಡಿಗೆ ಹೋಗುತ್ತವೆ. ಅಲ್ಲಿಂದ ಹಿಂದಿರುವ, ಸ್ವಿಚ್ ಅಥವಾ ಪಾಸ್‌ಥ್ರೂ ಮಾಡ್ಯೂಲ್ ಕೂರುವ ಎಂಟು ಇಂಟರ್‌ಕನೆಕ್ಟ್ ಖಾನೆಗಳಲ್ಲಿ ನಿಗದಿಯಾದ ಒಂದಕ್ಕೆ ಸೇರುತ್ತವೆ. ಈ ದಾರಿ ತಾಮ್ರದಲ್ಲಿ ಅಚ್ಚಾದದ್ದು. ಯಾವ ಸೆಟ್ಟಿಂಗ್‌ನಿಂದಲೂ ಬದಲಾಗದು. ಸಿ7000ದಲ್ಲಿ ಅರ್ಧ ಎತ್ತರದ ಬ್ಲೇಡಿನ (ನಮ್ಮವು ಅಂಥವೇ) ಸ್ವಂತ ಪೋರ್ಟ್‌ಗಳು 1 ಮತ್ತು 2ನೆಯ ಖಾನೆಗೆ ಹೋಗುತ್ತವೆ. ಮೊದಲ ಮೆಜಾನಿನ್ ಸ್ಲಾಟ್ 3 ಮತ್ತು 4ಕ್ಕೆ. ಎರಡನೆಯ ಸ್ಲಾಟ್ 5, 6, 7, 8ಕ್ಕೆ. ನಾಲ್ಕು ಪೋರ್ಟಿನ ಕಾರ್ಡ್ ಎರಡನೆಯ ಸ್ಲಾಟ್‌ನಲ್ಲಿ ಕುಳಿತರೆ ಮಾತ್ರ ನಾಲ್ಕೂ ಪೋರ್ಟ್‌ಗಳಿಗೆ ದಾರಿ ಉಂಟು, ಅದರಲ್ಲೂ ಒಂದೊಂದು ಪೋರ್ಟ್ ಒಂದೊಂದು ಖಾನೆಗೆ.

ಅಂದರೆ ನಾಲ್ಕು ಪೋರ್ಟ್ ಬೇಕಿದ್ದರೆ ನಾಲ್ಕು ಮಾಡ್ಯೂಲ್ ಬೇಕು. ನನ್ನಲ್ಲಿದ್ದದ್ದು ಎರಡು. ಆರು ಬ್ಲೇಡ್‌ಗಳಲ್ಲಿ 24 ಪೋರ್ಟ್ ಕೊಂಡು 12ಕ್ಕೆ ಮಾತ್ರ ಜೀವ ಬಂತು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೇಸಾಯ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆಯ ಬದುವಿನಲ್ಲಿ ನಾಲ್ಕು ತೂಬು ಇಟ್ಟು, ಎರಡು ಕಾಲುವೆಗೆ ಮಾತ್ರ ನೀರು ಬಿಟ್ಟರೆ ಉಳಿದ ಎರಡು ತೂಬನ್ನು ಎಷ್ಟು ತೆರೆದರೂ ಒಣ ಮಣ್ಣೇ. ಲಿನಕ್ಸ್ ನಾಲ್ಕೂ ಪೋರ್ಟ್‌ಗಳನ್ನು ತೋರಿಸುತ್ತಿತ್ತು, ಎರಡರ ಮುಂದೆ ಸಂಪರ್ಕವಿಲ್ಲ ಎಂದು ಬರುತ್ತಿತ್ತು. ಕೇಬಲ್ ಕೆಟ್ಟಿರಬೇಕೆಂದು ಎರಡು ರಾತ್ರಿ ಬದಲಿಸುತ್ತ ಕುಳಿತೆ. ಕೊನೆಗೆ ಷಾಸಿಯ ಆನ್‌ಬೋರ್ಡ್ ಅಡ್ಮಿನಿಸ್ಟ್ರೇಟರ್‌ನಲ್ಲಿ ಬ್ಲೇಡಿನ ಪೋರ್ಟ್ ಮ್ಯಾಪಿಂಗ್ ಪುಟ ತೆರೆದೆ. ಯಾವ ಪೋರ್ಟ್ ಯಾವ ಖಾನೆಗೆ ಹೋಗುತ್ತದೆ ಎಂಬುದು ಅಲ್ಲಿ ಸಾಲಾಗಿ ಇತ್ತು. ಈ ಷಾಸಿ ಇರುವವರು ಬೆಲೆ ವಿಚಾರಿಸುವ ಮೊದಲು ಆ ಪುಟವನ್ನು ತೆರೆದು ನೋಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬೇರೆ ಷಾಸಿಗಳಲ್ಲಿಯೂ ರೀತಿ ಇದೇ, ಹೆಸರು ಮತ್ತು ಖಾನೆ ಸಂಖ್ಯೆ ಬೇರೆ. ಐಬಿಎಂ ಬ್ಲೇಡ್‌ಸೆಂಟರ್ ಎಚ್‌ನಲ್ಲಿ ಬೋರ್ಡಿನ ಪೋರ್ಟ್‌ಗಳು 1, 2ಕ್ಕೆ, ಸಿಐಒವಿ ಎಂಬ ಬಗೆಯ ಕಾರ್ಡ್ 3, 4ಕ್ಕೆ, ಸಿಎಫ್‌ಎಫ್‌ಎಚ್ ಎಂಬ ಬಗೆಯದು 7ರಿಂದ 10ರವರೆಗಿನ ಖಾನೆಗಳಿಗೆ. ಡೆಲ್ ಎಂ1000ಇ ಷಾಸಿಯಲ್ಲಿ ಎ, ಬಿ, ಸಿ ಎಂದು ಮೂರು ಫ್ಯಾಬ್ರಿಕ್, ಅಂದರೆ ಖಾನೆಗಳ ಗುಂಪು. ಎಚ್‌ಪಿಯದೇ ಚಿಕ್ಕ ಷಾಸಿ ಸಿ3000ದಲ್ಲಿ ಹಿಂಬದಿಯ ಖಾನೆಗಳೇ ನಾಲ್ಕು, ಆದ್ದರಿಂದ ಸಿ7000ದ ಖಾನೆ ಸಂಖ್ಯೆಗಳು ಅದಕ್ಕೆ ಹೊಂದುವುದಿಲ್ಲ.

ಕಾರ್ಡ್ ಹಾಕುವ ಕೆಲಸ ಮಾತ್ರ ನಿಜಕ್ಕೂ ಸಂತೋಷದ್ದು. ಒಂದು ರಾತ್ರಿಗೆ ಒಂದು ಬ್ಲೇಡ್ ಎಂದು ಇಟ್ಟುಕೊಂಡೆ. ವರ್ಚುವಲ್ ಯಂತ್ರಗಳನ್ನು ಪಕ್ಕದ ಬ್ಲೇಡಿಗೆ ಸಾಗಿಸಿ, ಇದನ್ನು ಆರಿಸಿ, ಲಿವರ್ ತೆಗೆದು ಎಳೆದರೆ ಇಡೀ ಸರ್ವರ್ ದಪ್ಪ ಪುಸ್ತಕದ ಹಾಗೆ ಕೈಗೆ ಬರುತ್ತದೆ. ಉಳಿದ ಐದು ತಮ್ಮ ಪಾಡಿಗೆ ಓಡುತ್ತಲೇ ಇರುತ್ತವೆ. ಮುಚ್ಚಳ ಸರಿಸಿದರೆ ಹಿಂಭಾಗದಲ್ಲಿ ಮೆಜಾನಿನ್ ಸ್ಲಾಟ್, ಅದರ ಮೇಲೆ ಪ್ಲಾಸ್ಟಿಕ್ ಟೋಪಿ. ಟೋಪಿಯನ್ನು ನೇರವಾಗಿ ಮೇಲಕ್ಕೆ ತೆಗೆಯಬೇಕು. ಓರೆಯಾಗಿ ಎಳೆದರೆ ಕೆಳಗಿನ ಸೂಜಿಮೊನೆಯಂಥ ಸಂಪರ್ಕಗಳಿಗೆ ಪೆಟ್ಟು. ಅಂಗೈಯಗಲದ ಕಾರ್ಡನ್ನು ಮೇಲಿಟ್ಟು ಎರಡು ಹೆಬ್ಬೆರಳಿನಿಂದ ಸಮನಾಗಿ ಒತ್ತಿದಾಗ ಅದು ಕೂರುವುದು ಬೆರಳಿಗೇ ತಿಳಿಯುತ್ತದೆ. ಆಮೇಲೆ ನಕ್ಷತ್ರ ತಲೆಯ ತಿರುಪುಗಳನ್ನು ಬಿಗಿಮಾಡಬೇಕು. ಅಭ್ಯಾಸವಾದ ಮೇಲೆ ಹದಿನೈದು ನಿಮಿಷದ ಕೆಲಸ.

ತಿರುಪಿನ ವಿಷಯದಲ್ಲಿ ಒಂದು ತಪ್ಪು ಮಾಡಿದೆ. ಮೂರನೆಯ ಬ್ಲೇಡಿನಲ್ಲಿ ಒಂದನ್ನು ಅರೆಬರೆ ತಿರುಗಿಸಿ ಬಿಟ್ಟಿದ್ದೆ. ಎಂಟು ತಿಂಗಳ ನಂತರ ಆ ಬ್ಲೇಡಿನ ಸ್ಟೋರೇಜ್ ದಾರಿಗಳಲ್ಲಿ ಒಂದು ದಿನಕ್ಕೆ ನಾಲ್ಕೈದು ಬಾರಿ ಕಡಿದು ಮತ್ತೆ ಕೂಡತೊಡಗಿತು. ಮತ್ತೆ ಬಿಚ್ಚಿ, ಕಾರ್ಡನ್ನು ಒತ್ತಿ ಕೂರಿಸಿ, ತಿರುಪು ಬಿಗಿಮಾಡಿದ ದಿನದಿಂದ ಇವತ್ತಿನವರೆಗೆ ತೊಂದರೆಯಿಲ್ಲ.

ಇನ್ನೊಂದು ಆಘಾತ ಮೊದಲ ರಾತ್ರಿಯೇ ಕಾದಿತ್ತು. ಕಾರ್ಡ್ ಹಾಕಿ ಬ್ಲೇಡ್ ಚಾಲೂ ಮಾಡಿದರೆ ಹಳೆಯ ಪೋರ್ಟ್‌ಗಳೂ ಮಾತಾಡಲಿಲ್ಲ. ಅದೃಷ್ಟಕ್ಕೆ ಐಎಲ್‌ಒ (ಬ್ಲೇಡನ್ನು ದೂರದಿಂದ ನೋಡಿಕೊಳ್ಳುವ ಎಚ್‌ಪಿಯ ವ್ಯವಸ್ಥೆ) ಈ ಪೋರ್ಟ್‌ಗಳ ಮೂಲಕ ಹೋಗುವುದಿಲ್ಲ, ಷಾಸಿಯ ಆಡಳಿತ ಮಾಡ್ಯೂಲ್ ಮೂಲಕ ಬರುತ್ತದೆ. ಅದರ ಕನ್ಸೋಲ್ ತೆರೆದಾಗ ಗೊತ್ತಾಯಿತು: ನಾವು ಬಳಸುವ ಡೆಬಿಯನ್ ಲಿನಕ್ಸ್‌ನಲ್ಲಿ ಪೋರ್ಟಿನ ಹೆಸರು ಪಿಸಿಐ ಬಸ್ ಸಂಖ್ಯೆಯಿಂದ, ಅಂದರೆ ಬೋರ್ಡಿನಲ್ಲಿ ಅದು ಸೇರಿರುವ ಜಾಗದ ಎಣಿಕೆಯಿಂದ ಹುಟ್ಟುತ್ತದೆ. ಹೊಸ ಕಾರ್ಡ್ ಬಂದು ಬಸ್ ಎಣಿಕೆ ಸರಿದಾಗ ಹಳೆಯ ಪೋರ್ಟಿನ ಹೆಸರೂ ಬದಲಾಗಿತ್ತು, ಸಂರಚನೆಯ ಕಡತ ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಉಳಿದ ಐದರಲ್ಲಿ ಮೊದಲೇ ಮ್ಯಾಕ್ ವಿಳಾಸಕ್ಕೆ (ಪ್ರತಿ ಪೋರ್ಟಿನ ಸ್ವಂತ ಗುರುತುಸಂಖ್ಯೆ) ಹೆಸರು ಕಟ್ಟಿಬಿಟ್ಟೆ. ಕಾರ್ಡಿನ ಚಿಪ್ ಇಂಟೆಲ್‌ನದು, ಇ1000ಇ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲಿಯೇ ಇದೆ, ಆದ್ದರಿಂದ ಬೇರೇನೂ ಬೇಕಾಗಲಿಲ್ಲ. ಬೋರ್ಡಿನ ಸ್ವಂತ ಪೋರ್ಟ್‌ಗಳ ಬಿಎನ್‌ಎಕ್ಸ್‌2ಎಕ್ಸ್ ಡ್ರೈವರ್‌ಗೆ ಪ್ರತ್ಯೇಕ ಫರ್ಮ್‌ವೇರ್ ಕಡತ ಬೇಕು. ಡೆಬಿಯನ್ 11ರ ಕಾಲದಲ್ಲಿ ಅದನ್ನು ಪೆನ್‌ಡ್ರೈವ್‌ನಲ್ಲಿ ಕೊಡಬೇಕಾಗಿತ್ತು. 2023ರಲ್ಲಿ ಬಂದ ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್‌ನೊಳಗೇ ಇದೆ.

ಈಗ ಪಾಸ್‌ಥ್ರೂ ವಿಷಯ. ಇದರ ಬೆನ್ನಿಗೆ 16 ಆರ್‌ಜೆ45 ಪೋರ್ಟ್, ಬ್ಲೇಡಿಗೊಂದು. ಮೂರನೆಯ ಬ್ಲೇಡಿನ ತಂತಿ ಮೂರನೆಯ ತೂತಿನಲ್ಲಿ. ಸಂರಚನೆ ಎಂಬುದೇ ಇಲ್ಲ. ಆರು ಬ್ಲೇಡಿನ ನಮಗೆ ಇದು ಹೇಳಿ ಮಾಡಿಸಿದಂತಿದೆ. 16 ಬ್ಲೇಡ್ ತುಂಬಿದವರು ಇದನ್ನು ಹಾಕಿದರೆ ಖಾನೆಯೊಂದಕ್ಕೆ 16 ಕೇಬಲ್ ಎಳೆಯಬೇಕು. ಅಂಥವರಿಗೆ ಸ್ವಿಚ್ ಮಾಡ್ಯೂಲೇ ಸರಿ. ಸಿಸ್ಕೋದ 3020 ಮಾದರಿಯಂಥದ್ದರಲ್ಲಿ ಒಳಗೆ 16, ಹೊರಗೆ 8 ಗಿಗಾಬಿಟ್ ಪೋರ್ಟ್‌ಗಳಿರುತ್ತವೆ. ಖರ್ಚಿನ ಲೆಕ್ಕವೂ ಇಲ್ಲಿಯೇ ಇದೆ. ಕಾರ್ಡ್ ಬ್ಲೇಡಿಗೊಂದು, ಮಾಡ್ಯೂಲ್ ಇಡೀ ಷಾಸಿಗೆ. ಬ್ಲೇಡ್ ಕಡಿಮೆ ಇದ್ದಷ್ಟೂ ಮಾಡ್ಯೂಲಿನ ಹೊರೆ ತಲೆಗೆ ಹೆಚ್ಚು ಬೀಳುತ್ತದೆ. ಹಳೆಯ ಸಾಮಾನು ಕೊಳ್ಳುವವರು ಪೊಟ್ಟಣ ಬಿಚ್ಚಿ ನೋಡಿಯೇ ಸಹಿ ಹಾಕಿ. ನಮಗೆ ಮೊದಲು ಬಂದ ಎರಡರಲ್ಲಿ ಒಂದು ಈಥರ್‌ನೆಟ್ ಅಲ್ಲದ, ಸ್ಟೋರೇಜ್‌ಗೆ ಬಳಸುವ ಫೈಬರ್ ಚಾನೆಲ್ ಮಾಡ್ಯೂಲ್ ಆಗಿತ್ತು, ಅದನ್ನು ಹಿಂದಿರುಗಿಸಿ ಸರಿಯಾದದ್ದು ಬರುವ ಹೊತ್ತಿಗೆ ಮೂರು ವಾರ ಹೋಯಿತು.

ಫಲ ಏನು? ಬ್ಯಾಕಪ್ ಈಗಲೂ ಐದು ಗಂಟೆಯೇ, ಏಕೆಂದರೆ ಬ್ಯಾಕಪ್ ಪೆಟ್ಟಿಗೆಗೆ ಇರುವುದು ಒಂದೇ ಗಿಗಾಬಿಟ್ ಪೋರ್ಟ್. ಆದರೆ ಅದು ನಡೆಯುತ್ತಿರುವುದು ಲ್ಯಾಬಿಗೆ ತಿಳಿಯುವುದೇ ಇಲ್ಲ, ಐದು ಗಂಟೆ ಎಂದರೆ ಐದೇ ಗಂಟೆಯಲ್ಲಿ ಮುಗಿಯುತ್ತದೆ. ಸ್ಟೋರೇಜ್‌ಗೆ 5 ಮತ್ತು 6ನೆಯ ಖಾನೆಯ ಎರಡು ದಾರಿಗಳನ್ನು ಮಲ್ಟಿಪಾಥ್‌ನಲ್ಲಿ (ಒಂದೇ ಡಿಸ್ಕಿಗೆ ಹಲವು ದಾರಿ ಬಳಸುವ ವಿಧಾನ) ಕೊಟ್ಟಿದ್ದೇನೆ, ಓದುವ ವೇಗ ಸೆಕೆಂಡಿಗೆ 200 ಮೆಗಾಬೈಟ್ ದಾಟುತ್ತದೆ. ಎರಡು ಪೋರ್ಟ್‌ಗಳನ್ನು ಎಲ್‌ಎಸಿಪಿ ಎಂಬ ವಿಧಾನದಲ್ಲಿ ಒಂದಾಗಿ ಕಟ್ಟಿದರೆ ಒಂದೇ ಸಂಪರ್ಕ ಎರಡು ಗಿಗಾಬಿಟ್ ಆಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಾಗುವುದಿಲ್ಲ, ಒಂದು ಸಂಪರ್ಕ ಒಂದೇ ತಂತಿ ಹಿಡಿದು ಹೋಗುತ್ತದೆ. ಐಸ್ಕಸಿಗೆ ಮಲ್ಟಿಪಾಥ್ ಸರಿಯಾದ ಉಪಾಯ.

ಎರಡು ವರ್ಷ ಸುಮ್ಮನೆ ಬಿದ್ದಿದ್ದ ಉಳಿದ ಪೋರ್ಟ್‌ಗಳಿಗೆ 2023ರಲ್ಲಿ ಮತ್ತೆರಡು ಪಾಸ್‌ಥ್ರೂ ತರಿಸಿ 7 ಮತ್ತು 8ನೆಯ ಖಾನೆಗೆ ಹಾಕಿದೆ. 7ನೆಯದು ಈಗ ಪರೀಕ್ಷೆಯ ನೆಟ್‌ವರ್ಕ್, ಬೇರೆ ಯಾವುದರ ಜೊತೆಗೂ ತಂತಿ ಹಂಚಿಕೊಳ್ಳುವುದಿಲ್ಲ. ಪರೀಕ್ಷಾ ವಿಭಾಗದವರಿಗೆ ಅದನ್ನು ಕೈತೋರಿಸಿ ವಿವರಿಸಬಹುದು, ಆ ನಿಶ್ಚಿಂತೆ ನನಗೆ ದೊಡ್ಡದು. 8ನೆಯದನ್ನು ಬೋರ್ಡಿನ ಒಂದು ಪೋರ್ಟಿಗೆ ಜೋಡಿಯಾಗಿ ಇಟ್ಟಿದ್ದೇನೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಜೋಡಿ ಮಾಡುವಾಗ ಒಂದನ್ನು ಬೋರ್ಡಿನಿಂದ, ಒಂದನ್ನು ಕಾರ್ಡಿನಿಂದ ತೆಗೆದುಕೊಳ್ಳಿ. ಎರಡನ್ನೂ ಒಂದೇ ಕಾರ್ಡಿನಿಂದ ತೆಗೆದುಕೊಂಡರೆ ಆ ಕಾರ್ಡ್ ಹೋದ ದಿನ ಜೋಡಿಯೂ ಹೋಗುತ್ತದೆ.

ಇವತ್ತು ಹೊಸದಾಗಿ ಶುರುಮಾಡುವವರು, ಹೊರಗೆ 10 ಗಿಗಾಬಿಟ್ ಸ್ವಿಚ್ ಇದ್ದರೆ, ಈ ಕಾರ್ಡಿನ ಬದಲು ಎಚ್‌ಪಿಯದೇ ಫ್ಲೆಕ್ಸ್‌10 ವರ್ಚುವಲ್ ಕನೆಕ್ಟ್ ಮಾಡ್ಯೂಲ್‌ಗಳನ್ನು 1 ಮತ್ತು 2ನೆಯ ಖಾನೆಗೆ ಹಾಕುವುದು ಒಳ್ಳೆಯದು. ಜಿ6 ಬ್ಲೇಡಿನ ಸ್ವಂತ ಪೋರ್ಟ್‌ಗಳು 10 ಗಿಗಾಬಿಟ್‌ನವು. ಆ ಮಾಡ್ಯೂಲ್ ಒಂದೊಂದನ್ನೂ ನಾಲ್ಕಾಗಿ ಹಂಚುತ್ತದೆ, ಪ್ರತಿ ಪಾಲಿಗೆ 100 ಮೆಗಾಬಿಟ್‌ನಿಂದ ಹಿಡಿದು ಬೇಕಾದ ವೇಗ ಕೊಡಬಹುದು. ಒಂದು ಕಾರ್ಡೂ ಇಲ್ಲದೆ ಬ್ಲೇಡಿಗೆ ಎಂಟು ಪೋರ್ಟ್. ನಮ್ಮಲ್ಲಿ 10 ಗಿಗಾಬಿಟ್ ಸ್ವಿಚ್ ಇರಲಿಲ್ಲ, ಅದಕ್ಕೆ ಹಣವೂ ಇರಲಿಲ್ಲ.

ಕಬ್ಬಿನ ಕಾಲದಲ್ಲಿ ಸುತ್ತಲಿನ ಆಲೆಮನೆಗಳ ಹೊಗೆಯ ಕಪ್ಪು ಕಿಟಕಿಯ ಸಂದಿಯಲ್ಲಿಯೂ ಬಂದು ಕೂರುತ್ತದೆ. ಷಾಸಿ ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ, ಬ್ಲೇಡಿನೊಳಗೆ ಕಾರ್ಡ್ ಸೇರಿದ ಮೇಲೆ ಆ ಗಾಳಿಯ ಬೆಲೆ ಇನ್ನೂ ಹೆಚ್ಚು. ಬ್ಲೇಡ್ ಇಲ್ಲದ ಜಾಗಗಳಿಗೆ ಖಾಲಿ ಮುಚ್ಚಳ ಹಾಕಲೇಬೇಕು. ಆಯುಧಪೂಜೆಯ ದಿನ ಚೆಂಡುಹೂವಿನ ಹಾರವನ್ನು ರ್‍ಯಾಕಿನ ಪಕ್ಕದ ಕಂಬಕ್ಕೆ ಕಟ್ಟಿಸುತ್ತೇನೆ, ಮುಂಬಾಗಿಲಿಗೆ ಬೇಡ ಎನ್ನುತ್ತೇನೆ. ಮೊದಲ ವರ್ಷ ಎಸಳುಗಳೆಲ್ಲ ಜಾಲರಿಗೆ ಅಂಟಿಕೊಂಡಿದ್ದವು.

ರ್‍ಯಾಕಿನ ಹಿಂಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ: ಅಡ್ಡಸಾಲಿನಲ್ಲಿ ಖಾನೆ, ಉದ್ದಸಾಲಿನಲ್ಲಿ ಬ್ಲೇಡ್, ಪ್ರತಿ ಚೌಕದಲ್ಲಿ ತಂತಿಯ ಬಣ್ಣ, ಎಲ್ಲವೂ ಕನ್ನಡದಲ್ಲಿ. ಕಳೆದ ವರ್ಷ ದಸರಾ ರಜೆಯಲ್ಲಿ ಮನೆಯವರೊಂದಿಗೆ ಮೈಸೂರಿನಲ್ಲಿದ್ದಾಗ ನಾಲ್ಕನೆಯ ಬ್ಲೇಡಿನ ಸ್ಟೋರೇಜ್ ದಾರಿ ಒಂದು ಬಿದ್ದಿದೆ ಎಂದು ಸಂದೇಶ ಬಂತು. ಇನ್ನೊಂದು ದಾರಿ ಕೆಲಸ ಸಾಗಿಸುತ್ತಿತ್ತು. ಕೊಠಡಿಯ ಸಹಾಯಕರಿಗೆ ಫೋನ್ ಮಾಡಿದೆ. ಅವರು ಕಂಪ್ಯೂಟರ್ ಓದಿದವರಲ್ಲ. ಹಾಳೆಯ ಮೇಲೆ ಬೆರಳಿಟ್ಟು, “ಬ್ಲೇಡ್ 4, ಖಾನೆ 6, ಹಳದಿ ತಂತಿ. ಇದರ ತುದಿಯ ಕೊಂಡಿ ಮುರಿದಿದೆ, ಬದಲಾಯಿಸಲೇ?” ಎಂದು ಕೇಳಿದರು. ಬದಲಾಯಿಸಿದರು. ನಾನು ಫೋನ್ ಇಡುವ ಮೊದಲೇ ಎರಡನೆಯ ದಾರಿ ಮರಳಿ ಬಂದಿತ್ತು.