ಅಂಗಾಲಿನ ಸಕ್ಕರೆ ಹುಣ್ಣು: ಪ್ಲಾಸ್ಟರೋ, ಬಿಚ್ಚುವ ಬೂಟೋ?

ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು ಮಾಯದಿದ್ದರೆ ನಾವು ಮೊದಲು ಮುಲಾಮು ಬದಲಿಸುತ್ತೇವೆ. ಕೇಳಬೇಕಾದ್ದೇ ಬೇರೆ: ಅದರ ಮೇಲೆ ಬೀಳುವ ಮೈಭಾರ ತಪ್ಪಿಸುವುದು ಹೇಗೆ?

ದಾರಿ ಎರಡು. ಒಂದು, ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಚರ್ಮಕ್ಕೆ ಒತ್ತಿದಂತೆ ಹಾಕುವ ಪ್ಲಾಸ್ಟರ್. ಭಾರ ಹುಣ್ಣಿನ ಜಾಗ ಬಿಟ್ಟು ಇಡೀ ಕಾಲಿಗೆ ಹಂಚಿಹೋಗುತ್ತದೆ. ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಜೋಮು ಹಿಡಿದ ಪಾದಗಳಿಗೆ ಬಳಸಿದ್ದು ಇದನ್ನೇ. ಇನ್ನೊಂದು, ಪಟ್ಟಿ ಬಿಗಿದು ತೊಡುವ ವಾಕರ್ ಬೂಟು.

ಒತ್ತಡ ಇಳಿಸುವುದರಲ್ಲಿ ಬೂಟೇನೂ ಕಡಿಮೆಯಿಲ್ಲ. ಆದರೂ 2001ರ ಅಮೆರಿಕದ ಅಧ್ಯಯನವೊಂದರಲ್ಲಿ 12 ವಾರಕ್ಕೆ ಪ್ಲಾಸ್ಟರಿನವರಲ್ಲಿ ಸುಮಾರು ಶೇ. 90 ಮಂದಿಗೆ ಹುಣ್ಣು ಮಾಯಿತು, ಬೂಟಿನವರಲ್ಲಿ ಶೇ. 65. ಕಾರಣ 2003ರಲ್ಲಿ ತಿಳಿಯಿತು. ಹೆಜ್ಜೆ ಎಣಿಸಿ ನೋಡಿದರೆ, ಬೂಟು ಕಾಲಲ್ಲಿದ್ದದ್ದು ನೂರರಲ್ಲಿ 28 ಹೆಜ್ಜೆಗೆ ಮಾತ್ರ! ನಮ್ಮಲ್ಲಂತೂ ಬೂಟು ಹೊಸಿಲಾಚೆಯೇ ಉಳಿಯುತ್ತದೆ. ಅಡುಗೆಮನೆ, ದೇವರಮನೆಗೆ ಬರಿಗಾಲು. ಸಕ್ಕರೆ ಕಾಯಿಲೆಯಿಂದ ನೋವೇ ತಿಳಿಯದಾದ ಕಾಲು ಎಚ್ಚರಿಸುವುದೂ ಇಲ್ಲ.

ಪ್ಲಾಸ್ಟರಿನಲ್ಲಿ ಸ್ನಾನ ಫಜೀತಿ, ಆಗಾಗ ಬದಲಿಸಬೇಕು. ಹಾಕುವವರ ಕೈ ಪಳಗಿರದಿದ್ದರೆ ಉಜ್ಜಿ ಹೊಸ ಹುಣ್ಣಾದೀತು. ಕೀವು ಜೋರಾಗಿದ್ದರೆ, ಕಾಲಿನ ರಕ್ತಸಂಚಾರ ತೀರಾ ಕುಂದಿದ್ದರೆ ಅದು ಬೇಡವೇ ಬೇಡ. ಆಗ ದಿನಾ ಬಿಚ್ಚಿ ನೋಡಬಹುದಾದ ಬೂಟು ವಾಸಿ.

ಕೀವು, ರಕ್ತಸಂಚಾರದ ಈ ಎರಡು ತೊಂದರೆಗಳೂ ಇಲ್ಲದಿದ್ದರೆ ನನ್ನ ಓಟು ಪ್ಲಾಸ್ಟರಿಗೆ. ಹಾಕಬಲ್ಲವರು ಸಿಗಲಿಲ್ಲವೇ? ಬೂಟನ್ನೇ ಬಿಚ್ಚಲಾಗದಂತೆ ಮೇಲೆ ಪ್ಲಾಸ್ಟರ್ ಪಟ್ಟಿ ಸುತ್ತಲು ಡಾಕ್ಟರನ್ನು ಕೇಳಿ. 2005ರ ಪರೀಕ್ಷೆಯಲ್ಲಿ ಅದೂ ಹೆಚ್ಚುಕಡಿಮೆ ಪ್ಲಾಸ್ಟರಿನಷ್ಟೇ ಕೆಲಸ ಮಾಡಿತು. ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿ ಹುಣ್ಣು ಮಾಯ್ದ ಮೇಲಿನ ಮಾತು.