ಗ್ಯಾಸ್ ಬಂದ್ ಮಾಡೀಯಲ್ಲಾ?

ಬಳ್ಳಾರಿಯಲ್ಲಿ ನಾವು ಹೋಗುತ್ತಿರುವ ಕೌನ್ಸೆಲಿಂಗ್ ಸೆಂಟರ್‌ಗೆ ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಹೆಸರು ಬರೆಯಲ್ಲ, ಬೈಯೋದೂ ಇದೆ.

ನಮ್ಮನೆಯವರಿಗೆ ಒಸಿಡಿ, ಅಂದರೆ ಒಂದೇ ಅನುಮಾನ ಮತ್ತೆ ಮತ್ತೆ ಕಾಡೋ ಕಾಯಿಲೆ. ಬೈಕ್ ರಾಯಲ್ ಸರ್ಕಲ್ ಮುಟ್ಟುವಷ್ಟರಲ್ಲಿ 'ಗ್ಯಾಸ್ ಬಂದ್ ಮಾಡೀಯಲ್ಲಾ?' ಶುರು. ಮಾಡೀನ್ರಿ ಅಂತೀನಿ, ಎರಡು ನಿಮಿಷ ಬಿಟ್ಟು ಮತ್ತೆ ಅದೇ. ಡಾಕ್ಟರು ಮಾತ್ರೆ ಕೊಟ್ಟು, ಇದು ಕೆಲಸ ತೋರಿಸೋಕೆ 8ರಿಂದ 12 ವಾರ ಬೇಕು, ಜೊತೆಗೆ ಇಬ್ಬರೂ ಕೌನ್ಸೆಲಿಂಗ್‌ಗೆ ಹೋಗಿ ಅಂದರು. ನನಗೆ ಸಿಟ್ಟು ಬಂತು. ಕಾಯಿಲೆ ಅವರದು, ನಾನ್ಯಾಕೆ? ಅತ್ತೆ ಬೇರೆ, ಡೈವೋರ್ಸ್ ಆಗೋರು ಹೋಗೋ ಜಾಗ ಅದು ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಮೊದಲ ದಿನ ಕೌನ್ಸೆಲರ್ ಮೇಡಂ ನನ್ನನ್ನು ಒಬ್ಬಳನ್ನೇ ಕೂರಿಸಿ, ಮನೆಯಲ್ಲಿ ಹೊಡೆತ-ಬಡಿತ ಏನಾದರೂ ಇದೆಯಾ ಅಂತ ಕೇಳಿದರು. ಇದ್ದರೆ ಹೀಗೆ ಜೋಡಿಯಾಗಿ ಕೂರಿಸೋದು ಸರಿಯಲ್ವಂತೆ. ಆಮೇಲೆ, ದಿನಕ್ಕೆ ಎಷ್ಟು ಸಲ ಉತ್ತರ ಕೊಡ್ತೀರಿ ಅಂತ ಹಾಲಿನ ಲೆಕ್ಕದ ಹಾಗೆ ಗೀಟು ಹಾಕಿ ಅಂದರು. ಭಾನುವಾರ ಒಂದೇ ದಿನ 31 ಗೀಟು! ನಾನು 'ಹೂಂ, ಮಾಡೀನಿ' ಅಂದಾಗ ಅವರಿಗೆ ಒಂದು ಗಳಿಗೆ ಸಮಾಧಾನ, ಆ ಸಮಾಧಾನವೇ ಮುಂದಿನ ಪ್ರಶ್ನೆಗೆ ದಾರಿ, ಅಂದರೆ ಪ್ರೀತಿಯಿಂದ ಕೊಟ್ಟ ಉತ್ತರವನ್ನೆಲ್ಲ ನಾನು ಕಾಯಿಲೆಗೇ ಉಣಿಸುತ್ತಿದ್ದೆ. ಎರಡು ವರ್ಷದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಉತ್ತರವನ್ನು ಏಕದಂ ನಿಲ್ಲಿಸಿಲ್ಲ. ಮೊದಲು ಬಾಗಿಲ ಬೀಗ ಹಾಕೀಯಾ ಅನ್ನೋ ಪ್ರಶ್ನೆಗೆ ಮಾತ್ರ ನಿಲ್ಲಿಸಿದ್ದು, ಗ್ಯಾಸಿಂದು ಆಮೇಲೆ. ಹೇಳಬೇಕಾದ ಮಾತನ್ನು ಇವರೇ ಕೂತು ಆರಿಸಿದರು: 'ಇದು ಒಸಿಡಿ ಪ್ರಶ್ನೆ, ಉತ್ತರ ಕೊಡಲ್ಲ, ಇಲ್ಲೇ ಇರ್ತೀನಿ.' ಮೊದಲ ರಾತ್ರಿ ಇವರು ಬೆವರಿ ಹನ್ನೆರಡರವರೆಗೆ ನಡುಮನೆಯಲ್ಲೇ ಓಡಾಡಿದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೆ. ಈಗ ಗೀಟು ಏಳೆಂಟಕ್ಕೆ ಇಳಿದಿದೆ. ಹಬ್ಬದ ದಿನ ಜಾಸ್ತಿ.

ಇನ್ನು ಬೈಗುಳ. ಮೇಡಂ ಬರೋದು ಶನಿವಾರ ಮಾತ್ರ, ಹನ್ನೊಂದಕ್ಕೆ ಅಂದರೆ ಹನ್ನೆರಡೂವರೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಜಿಲ್ಲಾ ಮಟ್ಟದ ಮಾನಸಿಕ ಚಿಕಿತ್ಸೆ ಹೇಗಿರಬೇಕು ಅಂತ ನಮ್ಮ ಬಳ್ಳಾರಿಯಲ್ಲೇ ಮಾಡಿ ತೋರಿಸಿದ್ದು, 1996ರಲ್ಲಿ ದೇಶದ ಕಾರ್ಯಕ್ರಮವೇ ಆಯ್ತು. ಅಂಥ ಊರಲ್ಲಿ ವಾರಕ್ಕೊಬ್ಬರಿಗೆ ಕಾಯಬೇಕು! ಮಧ್ಯೆ ತಡೆಯೋಕಾಗದಿದ್ದಾಗ 14416ಕ್ಕೆ ಫೋನ್ ಮಾಡಿದ್ದೇವೆ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮತ್ತೆ ಆ ಪ್ಲೈವುಡ್ ಗೋಡೆ. ಒಳಗಿನ ಮಾತೆಲ್ಲ ಹೊರಗೆ ಕೇಳುತ್ತೆ. ಹೋದ ಶನಿವಾರ ರಿಸೆಪ್ಷನ್ ಹುಡುಗಿಗೆ ನಾನೇ ಟಿವಿ ಸೌಂಡ್ ಜಾಸ್ತಿ ಮಾಡವ್ವಾ ಅಂತ ಹೇಳಿ ಒಳಗೆ ಹೋದೆ.