ಸೋಲಾರ್ ಕೋರ್ಸಾ, ವೈರ್‌ಮನ್ ಪರ್ಮಿಟ್ಟಾ?

ತುಮಕೂರಿನಲ್ಲಿ ಐಟಿಐ ಮುಗಿಸಿ ವೈರಿಂಗ್ ಮಾಡುತ್ತಿರುವ ತಮ್ಮನೊಬ್ಬ ಕೇಳಿದ: "ಅಣ್ಣಾ, ಮುಂದೆ ಏನು ಮಾಡ್ಲಿ?"

ವೈರ್‌ಮನ್ ಪರ್ಮಿಟ್ ಅಂದರೆ ವೈರಿಂಗ್ ಕೆಲಸಕ್ಕೆ ಸರ್ಕಾರ ಕೊಡುವ ಪರವಾನಗಿ. ಅದಕ್ಕೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಅರ್ಜಿ ಹಾಕಬೇಕು, ದಿನದ ಕೆಲಸ ಬಿಡಬೇಕಿಲ್ಲ. ಸೋಲಾರ್ ಪ್ಯಾನೆಲ್ ಅಳವಡಿಸುವುದನ್ನು ಕಲಿಸುವ ಸರ್ಕಾರದ ಸೂರ್ಯಮಿತ್ರ ತರಬೇತಿಗೆ ಫೀಸಿಲ್ಲ. ಆದರೆ 600 ಗಂಟೆ, ಅಂದರೆ ಸುಮಾರು ಮೂರು ತಿಂಗಳ ಕೂಲಿ ಹೋಯಿತು. ಅದೇ ಫೀಸು, ಅಲ್ವಾ?

ಕಲಿಯುವುದು ಮಾತ್ರ ಸೋಲಾರ್‌ನಲ್ಲೇ ಜಾಸ್ತಿ. ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್‌ನಲ್ಲಿ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಇದ್ದೇ ಇರುತ್ತದೆ, ಮೇನ್ ಆಫ್ ಮಾಡಿದರೂ ಹೋಗುವುದಿಲ್ಲ. ಡಿಸಿ ಕಿಡಿ ಹತ್ತಿದರೆ ಸುಲಭಕ್ಕೆ ಆರುವುದೂ ಇಲ್ಲ. ಇದನ್ನು ಸುಮ್ನೆ ವಿಡಿಯೋ ನೋಡಿ ಕಲಿಯಬೇಡ. ಇನ್ನು ಕೆಲಸದ ಮಾತು: ಮನೆ ಛಾವಣಿಗೆ ಸೋಲಾರ್ ಹಾಕಿಸುವವರಿಗೆ ನೆರವು ಕೊಡುವ ಕೇಂದ್ರದ ಯೋಜನೆ ಪಿಎಂ ಸೂರ್ಯಘರ್ 2024ರಲ್ಲಿ ಬಂದಿದೆ. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ.

ದಿನದ ಕೂಲಿಯಲ್ಲೇ ಮನೆ ನಡೆಯಬೇಕಿದ್ದರೆ ಮೊದಲು ಪರ್ಮಿಟ್. ಒಬ್ಬನೇ ಇದ್ದು, ಪಾವಗಡದ ಸೋಲಾರ್ ಪಾರ್ಕ್ ಕಡೆ ಹೋಗುವ ಮನಸ್ಸಿದ್ದರೆ ಕೋರ್ಸ್.